78 ವರ್ಷದ ಅಜ್ಜಿಗೆ ಸ್ತನ ಕ್ಯಾನ್ಸರ್: ಈ ವಯಸ್ಸಿನಲ್ಲಿ ಚಿಕಿತ್ಸೆ ಬೇಕೇ?

ಖಂಡಿತ ಬೇಕು. ವಯಸ್ಸಾಯಿತೆಂದು ಕೈಬಿಡುವುದು ತಪ್ಪು. ಚಿಕ್ಕ ವಯಸ್ಸಿನವರಿಗೆ ಕೊಡುವುದನ್ನೆಲ್ಲ ಹಾಗೇ ಕೊಡುವುದೂ ತಪ್ಪು. ಹುಟ್ಟಿದ ವರ್ಷಕ್ಕಿಂತ ಹೃದಯ, ಮೂತ್ರಪಿಂಡ, ನೆನಪು, ನಡಿಗೆ ಹೇಗಿವೆ ಎನ್ನುವುದು ಮುಖ್ಯ.

ಈ ವಯಸ್ಸಿನ ಗಡ್ಡೆಗಳು ಬಹುಪಾಲು ಹಾರ್ಮೋನಿನಿಂದ ಬೆಳೆಯುವಂಥವು, ದಿನಕ್ಕೊಂದು ಹಾರ್ಮೋನ್ ತಡೆ ಮಾತ್ರೆಗೆ ಬಗ್ಗುತ್ತವೆ. ಪ್ರೈಮ್-2 ಅಧ್ಯಯನ ನೋಡಿ: ಇಂಥ ಚಿಕ್ಕ ಗಡ್ಡೆ ತೆಗೆಸಿಕೊಂಡು ಮಾತ್ರೆ ಪಡೆದ, 65 ದಾಟಿದ, ಕಂಕುಳ ಗ್ರಂಥಿಗೆ ರೋಗ ಹರಡಿರದ ಮಹಿಳೆಯರಲ್ಲಿ 10 ವರ್ಷದೊಳಗೆ ಅದೇ ಸ್ತನದಲ್ಲಿ ಕ್ಯಾನ್ಸರ್ ಮರುಕಳಿಸಿದ್ದು ರೇಡಿಯೇಷನ್ ಇಲ್ಲದೆ ಶೇ. 9.5, ಇದ್ದಾಗ ಶೇ. 0.9. ಆದರೆ ಬದುಕುಳಿದವರ ಪ್ರಮಾಣ ಹೆಚ್ಚುಕಡಿಮೆ ಒಂದೇ. ಹಾಗಾಗಿ ರೇಡಿಯೇಷನ್ ವಿಷಯದಲ್ಲಿ ದಯವಿಟ್ಟು ಅಜ್ಜಿಯನ್ನೇ ಕೇಳಿ, ಮಕ್ಕಳು ಮೊಮ್ಮಕ್ಕಳೇ ತೀರ್ಮಾನಿಸಬೇಡಿ.

ಲೆಟ್ರೊಜೋಲ್‌ನಂಥ ಹಾರ್ಮೋನ್ ತಡೆ ಮಾತ್ರೆ ಮೂಳೆ ಸವೆಸುತ್ತದೆ. ಶುರುವಿನಲ್ಲೇ ಮೂಳೆ ಸಾಂದ್ರತೆ ಪರೀಕ್ಷೆ ಮಾಡಿಸಿ.