ರನ್‌ವೇಯಲ್ಲೇ ನಿಂತ ವಿಮಾನದ ಬಗ್ಗೆ

ವಿಮಾನ ಇನ್ನೇನು ಮೇಲೇಳಬೇಕು ಅನ್ನುವಾಗ ಜೋರಾಗಿ ಬ್ರೇಕ್ ಹಾಕಿದರು, ಅಗ್ನಿಶಾಮಕ ವಾಹನಗಳು ಸುತ್ತುವರಿದರೂ ನಮ್ಮನ್ನು ಇಳಿಸಲಿಲ್ಲ, ಯಾಕೆ ಅಂತ ಕೇಳಿದ್ದೀರಿ. ನನಗೂ ಒಮ್ಮೆ ಹೀಗಾಗಿತ್ತು. ಬೆಲ್ಟ್ ಹೊಟ್ಟೆಗೆ ಒತ್ತಿದ ಆ ಕ್ಷಣ ವಾರಗಟ್ಟಲೆ ಮರೆಯಲಿಲ್ಲ. ನಿಮಗೆ ಇನ್ನೂ ಕೈ ನಡುಗುತ್ತಿದ್ದರೆ ಅದು ಸಹಜವೇ.

ಟೇಕಾಫ್‌ಗೆ ಮೊದಲೇ ವಿಮಾನದ ತೂಕ, ರನ್‌ವೇ ಉದ್ದ, ಗಾಳಿ ಎಲ್ಲ ನೋಡಿ ‘ವಿ1’ ಅನ್ನುವ ವೇಗವನ್ನು ಲೆಕ್ಕ ಹಾಕಿರುತ್ತಾರೆ. ಏನಾದರೂ ತೊಂದರೆ ಕಂಡು ನಿಲ್ಲಿಸುವುದಾದರೆ ಆ ವೇಗ ಮುಟ್ಟುವುದರೊಳಗೆ ಬ್ರೇಕ್ ಹಾಕಲು ಶುರು ಮಾಡಬೇಕು. ದಾಟಿದ ಮೇಲೆ ಒಂದು ಎಂಜಿನ್ ಕೆಟ್ಟರೂ ಹಾರುವುದೇ ಕ್ಷೇಮ. ಪೈಲಟ್‌ಗಳು ಇದನ್ನು ಸಿಮ್ಯುಲೇಟರ್‌ನಲ್ಲಿ ಮತ್ತೆ ಮತ್ತೆ ಅಭ್ಯಾಸ ಮಾಡಿರುತ್ತಾರೆ.

ಇನ್ನು ಆ ವಾಹನಗಳು. ಅಷ್ಟು ವೇಗದಿಂದ ನಿಂತಾಗ ಬ್ರೇಕ್‌ಗಳು ವಿಪರೀತ ಕಾದಿರುತ್ತವೆ, ಬೆಂಕಿ ಹತ್ತಬಹುದು. ಟೈರ್ ಸಿಡಿಯದಿರಲಿ ಅಂತ ಚಕ್ರದಲ್ಲಿ ಸಣ್ಣ ಪ್ಲಗ್‌ಗಳಿರುತ್ತವೆ. ಬಿಸಿ ಜಾಸ್ತಿಯಾದರೆ ಅವು ಕರಗಿ ಗಾಳಿ ಹೊರಗೆ ಬಿಡುತ್ತವೆ. ಸಿಬ್ಬಂದಿ ಬಂದು ನೋಡುವುದು ಇದನ್ನೇ. ಬೆಂಕಿ, ಹೊಗೆ ಇಲ್ಲದಿದ್ದರೆ ಒಳಗೆ ಕೂರುವುದೇ ಒಳ್ಳೆಯದು, ಯಾಕೆಂದರೆ ತುರ್ತು ಜಾರುಬಂಡಿಯಲ್ಲಿ ಇಳಿಯುವಾಗ ಕೈಕಾಲು ಮುರಿದುಕೊಂಡವರಿದ್ದಾರೆ. ಆದರೆ ಇಳಿಯಿರಿ ಅಂತ ಕೂಗಿದರೆ ಮಾತ್ರ ಬ್ಯಾಗ್ ಮುಟ್ಟಬೇಡಿ, ತಕ್ಷಣ ಹೊರಡಿ.