ಕೊಟ್ಟವಳು ಏನನ್ನೂ ಕೇಳಿರಲಿಲ್ಲ

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಲಾಗಿದೆ.)

ಹದಿನೈದು ವರ್ಷದ ಹುಡುಗಿ. ಅನುಕೂಲವಂತರ ಮನೆಯ ಗೆಳತಿ ಹುಟ್ಟುಹಬ್ಬಕ್ಕೆ ಕೊಟ್ಟ ದುಬಾರಿ ಸ್ಮಾರ್ಟ್‌ವಾಚನ್ನು ಶಾಲೆಯ ಚೀಲದ ತಳದಲ್ಲಿ ಬಚ್ಚಿಟ್ಟಿದ್ದಳು. ಅದು ಕಣ್ಣಿಗೆ ಬಿದ್ದ ದಿನ ತಂದೆ, "ನಾಳೆಯೇ ವಾಪಸ್ ಕೊಡು" ಎಂದರು. ತಾಯಿಯದು ಬೇರೆ ಲೆಕ್ಕ: ಸಾಲ ಮಾಡಿಯಾದರೂ ಅಷ್ಟೇ ಬೆಲೆಯದನ್ನು ಕೊಟ್ಟು ಮರ್ಯಾದೆ ಉಳಿಸಿಕೊಳ್ಳಬೇಕು.

ಇಂತಹ ಪ್ರಕರಣಗಳು ಸಲಹೆಗೆ ಬಂದಾಗ ನಾನು ಮೊದಲು ವಿಚಾರಿಸುವುದು ಬೆಲೆಯನ್ನಲ್ಲ. ಕೊಟ್ಟವರು ನಿಜಕ್ಕೂ ಓರಗೆಯವರೇ? ಮನೆಯಲ್ಲಿ ಹೇಳಬೇಡ ಎಂದಿದ್ದರೇ? ಮಕ್ಕಳನ್ನು ಬಲೆಗೆ ಬೀಳಿಸುವ ವಯಸ್ಕರು ಉಡುಗೊರೆಯ ಜೊತೆಗೆ ಗುಟ್ಟನ್ನೂ ಕೊಡುತ್ತಾರೆ. ಇಲ್ಲಿ ಹಾಗಿರಲಿಲ್ಲ. "ಅಪ್ಪನಿಗೆ ಬೇಜಾರಾಗುತ್ತದೆ ಎಂದು ನಾನೇ ಮುಚ್ಚಿಟ್ಟೆ" ಎಂದಳು.

ಒಬ್ಬಳೇ ನನ್ನೆದುರು ಕುಳಿತಾಗ ಉಳಿದದ್ದು ಹೊರಬಂತು. ವಾಚ್ ಬಂದಾಗಿನಿಂದ ಗೆಳತಿಯ ಪ್ರಾಜೆಕ್ಟ್‌ಗಳನ್ನು ಇವಳೇ ಬರೆಯುತ್ತಿದ್ದಳು. ಗೆಳತಿಗೆ ಹಿಡಿಸದ ಇನ್ನೊಬ್ಬಳೊಂದಿಗೆ ಮಾತು ಬಿಟ್ಟಿದ್ದಳು.

"ಅವಳು ಹಾಗೆ ಮಾಡು ಎಂದಳೇ?"

"ಇಲ್ಲ ಮೇಡಂ. ಆದರೆ ಬೇಡ ಎನ್ನಲು ಬಾಯಿಯೇ ಬರುವುದಿಲ್ಲ."

ಸ್ವಂತ ಇಚ್ಛೆಯಿಂದ ಕೊಟ್ಟಂತೆ ಕಾಣುವ ಉಡುಗೊರೆಯಲ್ಲೂ ಮರಳಿ ಕೊಡಬೇಕೆಂಬ ಕಟ್ಟುಪಾಡು ಅಡಗಿರುತ್ತದೆ ಎಂದು ಫ್ರೆಂಚ್ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮಾಸ್ 1925ರಲ್ಲೇ ಬರೆದಿದ್ದರು. ಹಣದಲ್ಲಿ ತೀರಿಸಲಾಗದ ಋಣವನ್ನು ಈ ಹುಡುಗಿ ವಿಧೇಯತೆಯಲ್ಲಿ ತೀರಿಸುತ್ತಿದ್ದಳು. ಹಾಗಾಗಿ ವಾಚನ್ನು ಹಿಂದಿರುಗಿಸುವ ವಿಚಾರವನ್ನು ಸದ್ಯಕ್ಕೆ ಬದಿಗಿಡಲು ಹೇಳಿ, ಮೊದಲು ಒಂದು ಸಣ್ಣ ವಿಷಯಕ್ಕೆ 'ಆಗುವುದಿಲ್ಲ' ಎನ್ನುವಂತೆ ಸೂಚಿಸಿದೆ. ಹೇಳಬೇಕಾದ ಮಾತನ್ನು ಇಬ್ಬರೂ ಸೇರಿ ಹೊಂದಿಸಿದೆವು: "ವಾಚ್ ನನಗೆ ತುಂಬಾ ಇಷ್ಟ. ಪ್ರಾಜೆಕ್ಟ್ ಮಾತ್ರ ಈ ಸಲ ನೀನೇ ಬರೆದುಕೋ." ಅದಕ್ಕೆ ಗೆಳತಿ ವಾಚಿನ ಮಾತೆತ್ತಿ ಚುಚ್ಚಿದರೆ, ಹಿಂದಿರುಗಿಸಲು ಬೇರೆ ಕಾರಣ ಹುಡುಕಬೇಕಾಗಿಲ್ಲ.

ತಾಯಿಗೆ ಸಾಲದ ಯೋಚನೆಯನ್ನು ಬಿಡಲು ಖಡಾಖಂಡಿತವಾಗಿ ಹೇಳಿದೆ. ಸರಿಸಮನಾದ ಉಡುಗೊರೆ ಕೊಟ್ಟರೆ ಮುಂದಿನ ವರ್ಷವೂ ಕೊಡಬೇಕಾಗುತ್ತದೆ, ಇನ್ನೂ ದೊಡ್ಡದನ್ನು. ಅದರ ಬದಲು ಗೆಳತಿಯ ತಾಯಿಗೆ ಫೋನ್ ಮಾಡಿ, ಈ ಉಡುಗೊರೆ ಕೊಟ್ಟದ್ದು ಅವರಿಗೆ ತಿಳಿದಿದೆಯೇ ಎಂದು ಕೇಳಲು ಹೇಳಿದೆ. ವಾಚ್ ಯಾರ ಖಾತೆಗೆ ಜೋಡಣೆಯಾಗಿದೆ, ಇರುವ ಸ್ಥಳ ಯಾರಿಗೆ ಕಾಣಿಸುತ್ತಿದೆ ಎಂಬುದನ್ನೂ ನೋಡಿಕೊಳ್ಳಲು ತಿಳಿಸಿದೆ.

ಆ ತಾಯಿಗೆ ಎಲ್ಲವೂ ತಿಳಿದಿತ್ತು. "ನಮಗೇನು ಅದು ದೊಡ್ಡದಲ್ಲ ಬಿಡಿ" ಎಂದರಂತೆ. ಒಳ್ಳೆಯ ಮನಸ್ಸಿನಿಂದಲೇ ಬಂದ ಮಾತು. ತಂದೆಯನ್ನು ಅದು ಇನ್ನಷ್ಟು ಕೆರಳಿಸಿತು. ನಿಮ್ಮ ನೋವು ಸಹಜ, ಆದರೆ ಅದನ್ನು ಮಗಳ ತಪ್ಪೆಂದು ಎಣಿಸಬೇಡಿ ಎಂದು ಅವರಿಗೆ ನೇರವಾಗಿಯೇ ಹೇಳಿದೆ.

ಹುಡುಗಿ 'ಆಗುವುದಿಲ್ಲ' ಎಂದಾಗ ಗೆಳತಿ ಸ್ವಲ್ಪ ಮುನಿಸಿಕೊಂಡಳು. ಆಮೇಲೆ, "ನೀನಾಗಿಯೇ ಬರೆಯುತ್ತಿದ್ದೆಯಲ್ಲ, ನಾನೆಲ್ಲಿ ಕೇಳಿದ್ದೆ?" ಎಂದಳಂತೆ. ವಾಚ್ ಸದ್ಯಕ್ಕೆ ಹುಡುಗಿಯ ಬಳಿಯೇ ಇದೆ. ಮುಂದೆ ಉಡುಗೊರೆಗಳಿಗೆ ಒಂದು ಮಿತಿ ಇರಲಿ ಎಂದು ತಾಯಂದಿರಿಬ್ಬರೂ ಒಪ್ಪಿಕೊಂಡಿದ್ದಾರೆ. ತಂದೆ ಇನ್ನೂ ಒಪ್ಪಿಲ್ಲ. ಅವರೊಂದಿಗೆ ಪ್ರತ್ಯೇಕವಾಗಿ ಮಾತನಾಡುವುದು ಬಾಕಿ ಇದೆ.