ರಾಹುಕಾಲ ಊರಿಂದ ಊರಿಗೆ ಯಾಕೆ ಬದಲಾಗುತ್ತದೆ?

ಗೋಡೆ ಕ್ಯಾಲೆಂಡರಿನಲ್ಲಿ ಸೋಮವಾರ ರಾಹುಕಾಲ 7:30ರಿಂದ 9 ಅಂತ ಇರುತ್ತದೆ, ಅಲ್ವಾ? ಅದು ಸೂರ್ಯ ಬೆಳಿಗ್ಗೆ 6ಕ್ಕೆ ಹುಟ್ಟಿ ಸಂಜೆ 6ಕ್ಕೆ ಮುಳುಗುವ ದಿನದ ಲೆಕ್ಕ.

ಸರಿಯಾಗಿ ನೋಡಬೇಕೆಂದರೆ ನಿಮ್ಮ ಊರಿನ ಹಗಲನ್ನು 8 ಸಮಭಾಗ ಮಾಡಿ. ಸೋಮವಾರಕ್ಕೆ 2ನೇ ಭಾಗ, ಶನಿವಾರಕ್ಕೆ 3, ಶುಕ್ರವಾರ 4, ಬುಧವಾರ 5, ಗುರುವಾರ 6, ಮಂಗಳವಾರ 7, ಭಾನುವಾರ 8. ಸೂರ್ಯ 6ಕ್ಕೆ ಹುಟ್ಟಿ 6:40ಕ್ಕೆ ಮುಳುಗಿದರೆ ಒಂದು ಭಾಗ 95 ನಿಮಿಷ. ಆಗ ಸೋಮವಾರದ ರಾಹುಕಾಲ 7:35ರಿಂದ 9:10.

ಲಂಡನ್ನಿನಲ್ಲಿ ಜೂನ್ ತಿಂಗಳ ಹಗಲು 16 ಗಂಟೆಗೂ ಜಾಸ್ತಿ. ಹಾಗಾಗಿ ಅಲ್ಲಿ ರಾಹುಕಾಲವೇ 2 ಗಂಟೆ ದಾಟುತ್ತದೆ. ಅಲ್ಲಿರುವ ನೆಂಟರಿಗೆ ದಯವಿಟ್ಟು ಬೆಂಗಳೂರಿನ ಹೊತ್ತನ್ನು ವಾಟ್ಸಾಪ್ ಮಾಡಬೇಡಿ.